ಹನ್ನೆರಡು ಮನೆಗಳ ಹೆಪ್ಪು

ಚೆರ್ನೊ ಬರ್ದೊ,
ಜೂನ್ ೨, ಮಂಗಳವಾರ

ಪ್ರೀತಿಯ ಅಮ್ಮಾ,

ಸೊಂಟ ಹೇಗಿದೆ? ನೀನು ನೋಡಿಕೊಳ್ಳುವ ಮುದುಕಿ ಸಿನ್ಯೋರಾಳನ್ನು ಮಂಚದಿಂದ ಎತ್ತುವಾಗ ನಾನು ಕಳಿಸಿದ ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಇಲ್ಲ ಅದು ಇನ್ನೂ ಪೆಟ್ಟಿಗೆಯಲ್ಲೇ ಇದೆಯೋ? ನಿಜ ಹೇಳು. ನಾನು ಚೆನ್ನಾಗಿದ್ದೇನೆ, ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೇನೆ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ, "ಆಯ್ತು ಆಯ್ತು, ಮೊದಲು ಏನು ತಿಂದೆ ಹೇಳು" ಎಂದು ಬಾಯಿ ಮುಚ್ಚಿಸುತ್ತೀಯ. ಅದಕ್ಕೇ ಈ ಕಾಗದ. ಕೊನೆಯವರೆಗೂ ಓದಬೇಕು, ನಡುವೆ ಒಲೆಯ ಕಡೆ ಓಡಬಾರದು.

ನನ್ನ ಪ್ರಾಜೆಕ್ಟ್ ವಿಷಯ ನಿನಗೆ ಗೊತ್ತೇ ಇದೆ. ನಮ್ಮ ಊರಿನ ಒಂದೊಂದು ಮನೆಯ ಮೊಸರಿನ ಹೆಪ್ಪಿನಲ್ಲೂ ಬೇರೆ ಬೇರೆ ಜೀವಾಣುಗಳಿವೆಯೋ, ಎಲ್ಲರದೂ ಒಂದೇ ಸಂತತಿಯೋ ಎಂದು ನೋಡಬೇಕು. ಪ್ರಯೋಗಾಲಯದ ಖರ್ಚು ಸಣ್ಣದಲ್ಲ. ನನ್ನ ಕಾಲೇಜಿರುವ ಪ್ಲೊವ್ದಿವ್‌ನಲ್ಲಿ ಹಣಕ್ಕೆಂದು ತಟ್ಟಿದ ಬಾಗಿಲುಗಳಲ್ಲೆಲ್ಲ "ಇದು ಪಿಎಚ್‌ಡಿ ಮಾಡುವವರಿಗೆ" ಎಂಬ ಒಂದೇ ಉತ್ತರ. ಮೂರನೆಯ ವರ್ಷದ ಡಿಗ್ರಿ ಹುಡುಗಿಗೆ ಯಾರು ಕೊಡುತ್ತಾರೆ? ಕೊನೆಗೆ ನಮ್ಮ ಮೇಡಂ ರಾಂಗೆಲೊವಾ ವಿದ್ಯಾರ್ಥಿಗಳಿಗೆಂದೇ ಇರುವ ಒಂದು ನಿಧಿಯನ್ನು ಹುಡುಕಿಕೊಟ್ಟರು. ಅದರಲ್ಲಿಯೂ ಕೊಕ್ಕೆ: ಮೂರನೇ ಒಂದು ಭಾಗವನ್ನು ನಾವೇ ಬೇರೆ ಕಡೆಯಿಂದ ತರಬೇಕು, ಕನಿಷ್ಠ ಹನ್ನೆರಡು ಮನೆಗಳ ಹೆಪ್ಪು ಇರಬೇಕು. "ಹಣ ಇದ್ದೋರಿಗೇ ಹಣ ಕೊಡೋದು ಕಣಮ್ಮ, ಮುಖ ಸಣ್ಣಗೆ ಮಾಡ್ಕೋಬೇಡ, ಹೋಗಿ ಹುಡುಕು" ಎಂದರು ಮೇಡಂ.

ನಾನು ಹುಡುಕುವುದಕ್ಕೆ ಮೊದಲೇ ನಿನ್ನ ಹಣ ಬಂತು. "ಈ ಬೇಸಿಗೆ ಬರೋದಿಲ್ಲ ಮಗಳೇ, ಮುದುಕಿ ಹತ್ರಾನೇ ಇದ್ಬಿಡ್ತೀನಿ, ಟಿಕೆಟ್ ದುಡ್ಡೂ ಸೇರಿಸಿ ಹಾಕಿದೀನಿ" ಎಂದು ನೀನು ಹೇಳಿದೆ. ಅಮ್ಮಾ, ಅವತ್ತು ಬಸ್ ನಿಲ್ದಾಣದಲ್ಲಿ ಕೂತು ಅತ್ತೆ. ಎರಡು ಬೇಸಿಗೆ ನಿನ್ನ ಮುಖ ನೋಡಿಲ್ಲ. ಮೂರನೆಯದನ್ನೂ ನನ್ನ ಓದಿಗೆ ಸುರಿಯುವುದು ನನಗೆ ಬೇಕಿರಲಿಲ್ಲ. ಆ ಹಣವನ್ನು ಮುಟ್ಟಲಿಲ್ಲ.

ಊರಿನ ಮೇಯರ್ ಹತ್ತಿರ ಹೋದೆ. ಬಿಸಿ ಬನಿತ್ಸಾ ತಿನ್ನಿಸಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿ ಕಳಿಸಿದ. ಒಂದು ಡೈರಿ ಕಂಪನಿಯವರು ಮಾತ್ರ ಪೂರ್ತಿ ಹಣ ಕೊಡುತ್ತೇವೆಂದರು. ಆದರೆ ಹೆಪ್ಪೆಲ್ಲ ಅವರ ಸ್ವತ್ತಾಗಬೇಕು, ನಾನು ಕಂಡದ್ದನ್ನು ಯಾರಿಗೂ ಹೇಳಬಾರದು. ಸಹಿ ಮಾಡಲು ಪೆನ್ನನ್ನೂ ತೆಗೆದಿದ್ದೆ. ನಮ್ಮೂರ ಸ್ತೋಯ್ನಾ ಅಜ್ಜಿಯ ಅಡುಗೆಮನೆಯ ಹೆಪ್ಪನ್ನು ಮಾರಲು ನಾನು ಯಾರು ಅನ್ನಿಸಿ, ಪೆನ್ನು ಒಳಗಿಟ್ಟು ಎದ್ದು ಬಂದೆ.

ಹಣವಿಲ್ಲದಿದ್ದರೆ ಹೆಪ್ಪನ್ನಾದರೂ ಕೂಡಿಸೋಣವೆಂದು ಊರಿಗೆ ಬಂದೆ. ಬಂದದ್ದು ಯಾವ ದಿನ ಗೊತ್ತೇ? ಮೇ ಆರು, ಸಂತ ಗೆಯೋರ್ಗಿಯ ಹಬ್ಬ. ಎಲ್ಲರೂ ಮನೆಯಲ್ಲಿರುತ್ತಾರೆ, ಅವತ್ತಿನ ಹೆಪ್ಪೇ ಶ್ರೇಷ್ಠ ಎಂದು ಪುಸ್ತಕದಲ್ಲಿ ಓದಿದ್ದೆ. ಅವತ್ತು ಹೆಪ್ಪು ಹೊಸ್ತಿಲು ದಾಟಿದರೆ ಮನೆಯ ಹಾಲಿನ ಭಾಗ್ಯವೇ ದಾಟಿ ಹೋಗುತ್ತದೆಂದು ನನ್ನ ಅಜ್ಜಿ ಹೇಳುತ್ತಿದ್ದುದು ಮಾತ್ರ ಮರೆತೇಹೋಗಿತ್ತು. ಬೆಳಿಗ್ಗೆ ಬೆಳಿಗ್ಗೆ ಗಾಜಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರೆ ಸ್ತೋಯ್ನಾ ಅಜ್ಜಿ ನನ್ನನ್ನು ಕಳ್ಳಿಯನ್ನು ನೋಡಿದ ಹಾಗೆ ನೋಡಿದಳು. "ಇವತ್ತು ಹೆಪ್ಪು ಕೇಳ್ತಾರೇನೇ? ಓದಿ ಓದಿ ಮರುಳಾದ್ಯಾ? ನಿಮ್ಮಜ್ಜಿ ಬದುಕಿದ್ದಿದ್ರೆ ಪೊರಕೆ ತಗೋತಿದ್ಲು!" ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಆ ಸಿಟ್ಟಿಗೆ ಮಾರನೆಯ ದಿನವೂ ಯಾವ ಮನೆಯಲ್ಲೂ ಹೆಪ್ಪು ಸಿಗಲಿಲ್ಲ. ತಲೆ ತಗ್ಗಿಸಿಕೊಂಡು ಪ್ಲೊವ್ದಿವ್ ಬಸ್ ಹತ್ತಿದೆ. ಅರ್ಜಿಗೆ ಒಂದೇ ವಾರ ಉಳಿದಿತ್ತು.

ಭಾನುವಾರ ಊರಿನ ಓದುಮನೆಯನ್ನು, ಅಲ್ಲಿನ ಪುಸ್ತಕ ಹಾಡು ಎಲ್ಲವನ್ನೂ ನೋಡಿಕೊಳ್ಳುವ ಮಿಂಕಾ ಅತ್ತೆ ಫೋನ್ ಮಾಡಿ, ತಕ್ಷಣ ಹೊರಟು ಬಾ ಎಂದಳು. ಹೋದರೆ ಅಲ್ಲಿ ಹಾಡಿನ ತಂಡದ ಅಜ್ಜಿಯರೆಲ್ಲ ಸಾಲಾಗಿ ಕೂತಿದ್ದಾರೆ, ಮೇಜಿನ ಮೇಲೆ ಹನ್ನೊಂದು ಡಬ್ಬಿ ಹೆಪ್ಪು! ಸ್ತೋಯ್ನಾ ಅಜ್ಜಿಯೇ ಮುಂದಾಳು. "ಕೊಡಲ್ಲ ಅಂದ್ನಾ ನಾನು? ಹಬ್ಬದ ದಿನ ಬೇಡ ಅಂದೆ. ಕೇಳೋಕೆ ಒಂದು ದಿನ ಅಂತ ಇರಲ್ವಾ?" ನಾನು ಡಬ್ಬಿಗಳಿಗೆ ಅಂಕಿ ಬರೆಯಲು ಹೋದೆ. "ನಂಬರ್ ಯಾಕೆ, ನಾವೇನು ಜೈಲಲ್ಲಿದೀವಾ? ಹೆಸರು ಬರಿ" ಎಂದು ಇನ್ನೊಬ್ಬಳು ಗದರಿದಳು. ಹೆಸರನ್ನೇ ಬರೆದೆ. ಆಮೇಲೆ ಮಿಂಕಾ ಅತ್ತೆ ಓದುಮನೆಯ ಮುದ್ರೆ ಒತ್ತಿದ ಒಂದು ಪತ್ರ ಕೊಟ್ಟಳು. ಹಾಡಿನ ತಂಡ ಹೊಸ ಉಡುಪಿಗೆಂದು ನಾಲ್ಕು ವರ್ಷ ಕೂಡಿಸಿದ್ದ ಹಣವೆಲ್ಲ ನನ್ನ ಪ್ರಾಜೆಕ್ಟಿಗೆ ಎಂದು ಅದರಲ್ಲಿತ್ತು. ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಹಾಡೋದು ಗಂಟಲು, ಬಟ್ಟೆ ಅಲ್ಲ. ಸುಮ್ನೆ ತಗೊಳೇ" ಎಂದಳು ಸ್ತೋಯ್ನಾ ಅಜ್ಜಿ. ನಾನು ತರಬೇಕಿದ್ದ ಮೂರನೇ ಒಂದು ಭಾಗ ಅಲ್ಲಿಗೆ ತುಂಬಿತು, ಮಾರನೆಯ ದಿನವೇ ಅರ್ಜಿ ಹಾಕಿದೆ.

ಇವತ್ತು ಬೆಳಿಗ್ಗೆ ನಿಧಿಯಿಂದ ಉತ್ತರ ಬಂತು. ಒಪ್ಪಿದ್ದಾರೆ, ಅಮ್ಮಾ! ಮೊದಲ ಬಸ್ಸಿಗೇ ಊರಿಗೆ ಓಡಿ ಬಂದು ಅಜ್ಜಿಯರಿಗೆ ಹೇಳಿದೆ. ಈಗ ಓದುಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಅವರೆಲ್ಲ ನಿನಗೆ ಆರೋಗ್ಯ ಹಾರೈಸಿದ್ದಾರೆ, ಸಿನ್ಯೋರಾಳಿಗೂ. ಭಾರ ಎತ್ತಬೇಡ. ನಿನ್ನ ಕೈಗಳಿಗೆ ನನ್ನ ಮುತ್ತು.

ನಿನ್ನ ಮಗಳು,
ರಾಲಿತ್ಸಾ

ತಾ.ಕ.: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಊರಲ್ಲಿ ಈಗ ಮೊಸರು ಹೆಪ್ಪು ಹಾಕುವ ಮನೆಗಳು ಹನ್ನೊಂದೇ. ಹನ್ನೆರಡನೆಯದಾಗಿ ನಮ್ಮ ಮನೆಯನ್ನು ಬರೆದಿದ್ದೇನೆ, ನಿನ್ನ ಹೆಸರಲ್ಲಿ. ನೀನು ಅಲ್ಲಿಗೆ ಹೋಗುವಾಗ ಅಜ್ಜಿಯ ಹೆಪ್ಪನ್ನು ಬಟ್ಟೆಯ ಮೇಲೆ ಒಣಗಿಸಿ ಮಡಚಿಕೊಂಡು ಹೋದೆಯಲ್ಲ, ಆ ಮೊಸರಿಲ್ಲದೆ ಸಿನ್ಯೋರಾ ಊಟ ಮಾಡುವುದಿಲ್ಲವೆಂದು ನೀನೇ ಹೇಳಿದ್ದೀಯ. ಜುಲೈ ಹದಿನೈದರೊಳಗೆ ಮನೆಯೊಡತಿಯೇ ಹೆಪ್ಪು ತಂದುಕೊಟ್ಟು ಸಹಿ ಹಾಕಬೇಕೆಂದು ನಿಯಮ. ನಮ್ಮ ಮನೆಯನ್ನು ಸೇರಿಸಲು ಮೇಡಂ ಒಪ್ಪಿದ್ದಾರೆ. ನೀನು ಕಳಿಸಿದ ಹಣದಲ್ಲಿ ನೀನಿರುವ ಬೊಲೋನ್ಯಾದಿಂದ ಇಲ್ಲಿಗೆ ಜುಲೈ ಹತ್ತರ ಬಸ್ ಟಿಕೆಟ್ ತೆಗೆದಿದ್ದೇನೆ. ಅದನ್ನು ವಾಪಸ್ ಮಾಡಲಾಗುವುದಿಲ್ಲ. ನೀನು ಬರದಿದ್ದರೆ ಹನ್ನೆರಡು ಮನೆ ಆಗುವುದಿಲ್ಲ, ನಿಧಿಯ ಹಣ ಕೈತಪ್ಪುತ್ತದೆ, ಅಜ್ಜಿಯರ ಹಣವನ್ನೂ ಹಿಂದಕ್ಕೆ ಕೊಡಬೇಕು. ಬಾ.