ನಿಮ್ಮಪ್ಪನ ಗ್ಯಾಸ್‌ಲೈಟು

ಪ್ರೀತಿಯ ಕಲಿನಾ,

ಈ ಕಾಗದದ ಜೊತೆ ಬಂದ ಪೆಟ್ಟಿಗೆಯಲ್ಲಿರುವುದು ನಿಮ್ಮಪ್ಪನ ಗ್ಯಾಸ್‌ಲೈಟು. ಪೆಟ್ಟಿಗೆ ತೆರೆಯುವ ಮೊದಲು ಇದನ್ನು ಪೂರ್ತಿ ಓದು. ಓದಿ ಸಿಟ್ಟು ಬಂದರೆ ಕಾಗದ ಹರಿದು ಹಾಕು, ಲೈಟನ್ನು ಮಾತ್ರ ಇಟ್ಟುಕೋ.

ಐದು ವಾರ ಇದು ನನ್ನ ಜೀವ ಹಿಂಡಿದೆ. ಮೂವತ್ತೆಂಟು ವರ್ಷ ಬಸ್ ಡಿಪೋದಲ್ಲಿ ಬ್ರೇಕಿನ ಗಾಳಿ ಎಲ್ಲಿ ಸೋರುತ್ತಿದೆ ಎಂಬುದನ್ನು ಕಿವಿಯಿಂದಲೇ ಹಿಡಿಯುತ್ತಿದ್ದವನು ನಾನು. ಅಂಥವನು ಒಂದು ಹಿಡಿಯಷ್ಟು ಹಿತ್ತಾಳೆ ಟ್ಯಾಂಕಿನ ಮುಂದೆ ಸೋತು, ಸ್ಪ್ಯಾನರ್ ಎಸೆದು, ಮತ್ತೆ ಹುಡುಕಿ ತಂದು, ಮತ್ತೆ ಕೂತೆ.

ಆಗಸ್ಟಿನಲ್ಲಿ ನಮ್ಮ ಮಗ ಪ್ಲಾಮೆನ್ ಫ್ಲ್ಯಾಟು ಖಾಲಿ ಮಾಡುವಾಗ ಇದನ್ನು ತಂದು ನಮ್ಮ ನೆಲಮಾಳಿಗೆಯಲ್ಲಿ ಕುಕ್ಕಿದ. "ಗುಜರಿಗೆ ಹಾಕಪ್ಪಾ, ಗಾಳಿ ನಿಲ್ಲದ ಡಬ್ಬ" ಅಂದ. ಎರಡು ವರ್ಷದ ಹಿಂದೆ, ನೀವಿಬ್ಬರೂ ಬೇರೆಯಾದಾಗ, ನೀನು ಇದಕ್ಕಾಗಿಯೇ ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತಿದ್ದೆ. "ಮಾವ, ನಂಗೆ ಬೇರೇನೂ ಬೇಡ. ಅಪ್ಪನ ಲೈಟೊಂದು ಕೊಡಿಸಿ" ಅಂದಿದ್ದೆ. ಜಗಳದಲ್ಲಿ ನೀನೇ ಅದನ್ನು ಗೋಡೆಗೆ ಬೀಸಿ ಒಡೆದೆ ಎಂದು ಪ್ಲಾಮೆನ್ ನಮಗೆ ಹೇಳಿದ್ದ. ನಾನು ಬಾಗಿಲಿಗೆ ಅಡ್ಡ ನಿಂತು, "ಗೋಡೆಗೆ ಎಸೆಯೋವಾಗ ಅಪ್ಪ ನೆನಪಾಗ್ಲಿಲ್ವಾ? ಇಂಥಾ ಕೈ ನನ್ನ ಮಗನ ಸಂಸಾರ ಒಡೀದೆ ಬಿಡುತ್ತಾ?" ಎಂದು ಕೂಗಿದೆ. ಕೆಳಮನೆಯ ಗಿಂಕಾ, ಮೇಲ್ಮನೆಯ ಮೇಷ್ಟ್ರು ಇಬ್ಬರೂ ಕೇಳಿಸಿಕೊಂಡರು. ನೀನು ಏನೋ ಹೇಳಲು ಬಾಯಿ ತೆರೆದೆ. ನಾನು ಬಾಗಿಲು ಹಾಕಿದೆ.

ನಿನ್ನ ಮೇಲಿನ ಕರುಣೆಯಿಂದ ರಿಪೇರಿಗೆ ಕೂತೆ ಎಂದರೆ ಸುಳ್ಳಾಗುತ್ತದೆ. ಸತ್ತವರ ಸಾಮಾನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ, ಅಷ್ಟೇ. ಗಾಜನ್ನು ಬಿಚ್ಚಿ, ಪೇಪರಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟು ಕೆಲಸ ಶುರು ಮಾಡಿದೆ.

ಪಂಪಿನ ಚರ್ಮದ ವಾಷರ್ ಒಣಗಿ ಸೆಟೆದಿತ್ತು. ಎಣ್ಣೆಯಲ್ಲಿ ನೆನೆಸಿ ಮೆತ್ತಗೆ ಮಾಡಿದೆ. ಗಾಳಿ ಹೊಡೆದರೆ ಒತ್ತಡದ ಮುಳ್ಳು ಏರಿತು, ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಸೊನ್ನೆಗೆ ಇಳಿದಿತ್ತು. ಸೋಪಿನ ನೊರೆ ಹಚ್ಚಿ ನೋಡಿದೆ. ಎಣ್ಣೆ ಹಾಕುವ ಮುಚ್ಚಳದ ಸುತ್ತ ಗುಳ್ಳೆ. ಸೈಕಲ್ ಟ್ಯೂಬಿನಿಂದ ಹೊಸ ವಾಷರ್ ಕತ್ತರಿಸಿ ಹಾಕಿದೆ. ಎರಡೇ ದಿನಕ್ಕೆ ಸೀಮೆಎಣ್ಣೆ ಕುಡಿದು ಅದು ನೆನೆದ ಬ್ರೆಡ್ಡಿನ ಹಾಗೆ ಊದಿಕೊಂಡಿತು. ಇದಾಗುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಆತುರ. ಡಿಪೋದ ಹಳೆಯ ಗೆಳೆಯ ಎಣ್ಣೆಗೆ ಬಗ್ಗದ ರಬ್ಬರು ಕೊಟ್ಟ. ಮುಚ್ಚಳ ನಿಂತಿತು. ಈಗ ಪಂಪಿನ ಹಿಡಿ ತಾನಾಗಿ ಮೇಲೇಳತೊಡಗಿತು! ಒಳಹೋದ ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ಪುಟ್ಟ ವಾಲ್ವನ್ನು ಬಿಚ್ಚಿದರೆ, ಅದರೊಳಗೆ ಇರಬೇಕಾದ ರಬ್ಬರಿನ ಬಿಲ್ಲೆಯೇ ಇಲ್ಲ. ಯಾರೋ ಬಿಚ್ಚಿ, ಕಳೆದು, ಹಾಗೇ ಮುಚ್ಚಿದ್ದಾರೆ.

ಅದನ್ನೂ ಹಾಕಿದೆ. ಆದರೂ ಮುಳ್ಳು ಇಳಿಯಿತು. ಸಿಟ್ಟಿನಲ್ಲಿ ಟ್ಯಾಂಕಿನ ಎಣ್ಣೆ ಬಸಿದು, ಗಾಳಿ ತುಂಬಿ, ಎಲೆಕೋಸಿನ ಉಪ್ಪಿನಕಾಯಿ ಹಾಕುವ ಪೀಪಾಯಿಗೆ ನೀರು ಬಿಟ್ಟು ಅದರಲ್ಲಿ ಮುಳುಗಿಸಿದೆ. ನಿಮ್ಮತ್ತೆ ಸ್ಟೊಯಾಂಕ ಮೆಟ್ಟಿಲಿಳಿದು ಬಂದವಳೇ, "ರೀ, ನಿಮಗೆ ತಲೆ ನೆಟ್ಟಗಿದೆಯಾ? ಈ ಚಳಿಗಾಲ ಸೀಮೆಎಣ್ಣೆ ಕೋಸು ನೀವೊಬ್ರೇ ತಿನ್ನಿ!" ಎಂದು ಬೈದಳು. ಬೈದರೂ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದವಳೂ ಅವಳೇ. "ಅಗೋ, ಗಡಿಯಾರದ ಕೆಳಗೆ" ಅಂದಳು. ಒತ್ತಡ ತೋರಿಸುವ ಆ ಪುಟ್ಟ ಗಡಿಯಾರದ ಬುಡದಿಂದ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಬುಡದ ತುಂಬ ಇಕ್ಕಳದ ಹಲ್ಲಿನ ಗುರುತು. ಎಸೆದ ಏಟಿಗೆ ಹಾಗಾಗುವುದಿಲ್ಲ, ಕಲಿನಾ. ಗೊತ್ತಿಲ್ಲದವರು ಬಲವಾಗಿ ತಿರುಚಿದರೆ ಹಾಗಾಗುತ್ತದೆ.

"ಇದನ್ನ ಅವಳು ಗೋಡೆಗೆ ಎಸೆದಿದ್ದು ತಾನೇ? ಟ್ಯಾಂಕು ಎಲ್ಲೂ ತಗ್ಗೇ ಆಗಿಲ್ವಲ್ಲ" ಅಂದಳು ಸ್ಟೊಯಾಂಕ. ನಾನು ಎದ್ದು ಕಪಾಟಿನಿಂದ ಗಾಜು ತೆಗೆದೆ. ಪೇಪರ್ ಬಿಚ್ಚಿದೆ. ಅಂಚಿನಲ್ಲಿ ನಿಮ್ಮಪ್ಪ ಗೀಚಿದ ಹೆಸರು, ವರ್ಷ. ಅದೇ ಗಾಜು. ಒಂದು ಬಿರುಕಿಲ್ಲ. ಮೊದಲ ದಿನವೇ ನನ್ನ ಕೈಯಾರೆ ಬಿಚ್ಚಿ, ಒಡೆದೀತೆಂದು ಜೋಪಾನವಾಗಿ ಸುತ್ತಿಟ್ಟವನು ನಾನೇ. ನಾಲ್ಕು ವಾರ ಸೋರಿಕೆ ಹುಡುಕಿದ ಈ ಮುದಿ ಮೆಕ್ಯಾನಿಕ್ಕಿಗೆ ಅದೊಂದು ಹೊಳೆಯಲಿಲ್ಲ.

ಭಾನುವಾರ ಪ್ಲಾಮೆನ್ ಊಟಕ್ಕೆ ಬಂದ. ಹುರುಳಿಕಾಯಿ ಬೀಜದ ಸಾರು ಬಡಿಸುವ ಮುಂಚೆ ಗಾಜನ್ನು ಅವನ ತಟ್ಟೆಯ ಪಕ್ಕ ಇಟ್ಟೆ.

"ಇದು ಹೇಗೆ ಉಳೀತು?" ಎಂದು ಕೇಳಿದೆ.

"ಏನು ಉಳೀತು?"

"ಗೋಡೆಗೆ ಬಡಿದ ಗಾಜು."

ಗಾಜನ್ನು ತಟ್ಟೆಯಿಂದ ದೂರ ಸರಿಸಿದ. ಆಮೇಲೆ, "ಅವಳು ಊರಲ್ಲಿಲ್ಲದಾಗ ಹಚ್ಚೋಕೆ ಹೋದೆ. ಹತ್ತಲಿಲ್ಲ. ಬಿಚ್ಚಿದೆ, ಹಾಳಾಯ್ತು. ಅವತ್ತು ಸಿಟ್ಟಿತ್ತು, ಏನೋ ಒಂದು ಹೇಳ್ದೆ. ಹಳೇದೆಲ್ಲಾ ಈಗ ಯಾಕಪ್ಪಾ?" ಅಂದ. ಹೇಳಿ ಚಮಚ ಕೈಗೆತ್ತಿಕೊಂಡ. ಅವನಮ್ಮ ಸಾರಿನ ಪಾತ್ರೆಯನ್ನು ಒಳಗೆ ಒಯ್ದುಬಿಟ್ಟಳು. ಅವನು ಉಣ್ಣದೆ ಹೋದ. ನನ್ನ ಮಗ, ನಾಳೆ ಮತ್ತೆ ಬರುತ್ತಾನೆ, ಮತ್ತೆ ಬಡಿಸುತ್ತೇವೆ. ಆದರೆ ಅವನ ಮಾತಿನ ಮೇಲೆ ನಾನು ನಿನ್ನ ಬಗ್ಗೆ ಇನ್ನೂ ಏನೇನು ನಂಬಿದ್ದೇನೋ, ಅದನ್ನು ಎಲ್ಲಿಂದ ಬಿಚ್ಚಲಿ? ಆ ಯೋಚನೆ ಬಂದಾಗ ನನ್ನ ಮೇಲೇ ಅಸಹ್ಯವಾಗುತ್ತದೆ.

ಸೋಮವಾರ ಗಡಿಯಾರ ಕೂರುವ ಜಾಗವನ್ನು ಉಜ್ಜಿ ಸಮ ಮಾಡಿ, ಹೊಸ ವಾಷರ್ ಹಾಕಿ ಗಾಳಿ ಹೊಡೆದೆ. ಬೆಳಿಗ್ಗೆ ಹತ್ತಕ್ಕೆ ಇದ್ದ ಮುಳ್ಳು ಸಂಜೆ ಐದಕ್ಕೂ ಅಲ್ಲೇ ನಿಂತಿತ್ತು. ನಾನು ಕುಣಿಯಬೇಕಿತ್ತು. ಖುಷಿಯೇ ಆಗಲಿಲ್ಲ. ಅಂಗಿ ಬದಲಿಸಿ ಗಿಂಕಾಳ ಮನೆಗೂ ಮೇಷ್ಟ್ರ ಮನೆಗೂ ಹೋಗಿ, ಅವತ್ತು ಮೆಟ್ಟಿಲ ಮೇಲೆ ನಾನು ಹೇಳಿದ್ದು ಸುಳ್ಳು ಎಂದೆ. ಗಿಂಕಾ, "ಅದನ್ನ ನಮಗ್ಯಾಕೆ ಹೇಳ್ತೀಯ ಮೆಟೋಡಿ, ಅವಳಿಗೆ ಹೇಳು" ಅಂದಳು. ಸರಿಯಾಗಿಯೇ ಅಂದಳು. ಅದಕ್ಕೇ ಬರೆಯುತ್ತಿದ್ದೇನೆ: ನಾನು ಹೇಳಿದ್ದು ಸುಳ್ಳು. ಹೇಳುವ ಮುಂಚೆ ನಿನ್ನನ್ನು ಒಂದು ಮಾತು ಕೇಳಲಿಲ್ಲ, ಅದು ಸುಳ್ಳಿಗಿಂತ ದೊಡ್ಡ ತಪ್ಪು.

ಬೆಟ್ಟಕ್ಕೋ ಎಲ್ಲಿಗೋ ಒಯ್ದಾಗ ಮುಳ್ಳು ಕೆಂಪು ಗೀಟು ದಾಟದಂತೆ ಗಾಳಿ ಹೊಡಿ. ಎರಡು ಮ್ಯಾಂಟಲ್ ಬತ್ತಿ, ನಾಲ್ಕು ವಾಷರ್ ಪೊಟ್ಟಣ ಕಟ್ಟಿ ಇಟ್ಟಿದ್ದೇನೆ. ಕೆಟ್ಟರೆ ನನಗೇ ಕಳಿಸಬೇಕೆಂದಿಲ್ಲ. ಯಾರಾದರೂ ಒಳ್ಳೆಯ ಕೈಯವರಿಗೆ ಕೊಡು.

ನೀನು ಹೋದಲ್ಲೆಲ್ಲ ನಿನ್ನ ಮಾತನ್ನು ಪೂರ್ತಿ ಕೇಳುವ ಜನ ಸಿಗಲಿ. ಕೆಳಗೆ "ನಿನ್ನ ಮಾವ" ಎಂದು ಬರೆಯಲು ಹೋದೆ, ಕೈ ಮುಂದೆ ಹೋಗಲಿಲ್ಲ.

ಮೆಟೋಡಿ
ತ್ರೊಯಾನ್