ಎರವಲು ತಂದ ಇಪ್ಪತ್ತನಾಲ್ಕು ಚೀಲ ಮಣ್ಣು

ಕರಾವಳಿ ವಿಭಾಗದ ಅರಣ್ಯ ಅಧಿಕಾರಿಗಳಿಗೆ,

ಮಾನ್ಯರೇ,

ಒಂದು ಸಂಗತಿಯನ್ನು ಈ ಪತ್ರದಿಂದ ಬಿಟ್ಟೇಬಿಡೋಣ ಎಂದುಕೊಂಡಿದ್ದೆ. ಬಿಟ್ಟಿದ್ದರೆ ನಿಮ್ಮನ್ನು ದೂರುವುದು ಸುಲಭವಾಗುತ್ತಿತ್ತು. ನಿಮ್ಮ ಪ್ರಯೋಗಾಲಯದ ಅರ್ಜಿಯಲ್ಲಿ ‘ಪರೀಕ್ಷೆಯ ನಂತರ ವಿಲೇವಾರಿ ಮಾಡಬಹುದು’ ಎಂಬ ಸಾಲಿನ ಮುಂದೆ ಗುರುತು ಹಾಕಿದವಳು ನಾನೇ. ಆದರೂ ದೂರುತ್ತೇನೆ. ಹಿರಿಯರನ್ನು ಹೂತಿರುವ ನಮ್ಮ ಪವಿತ್ರ ಕಾಡು, ನಾವು ‘ಕಾಯಾ’ ಎನ್ನುವ ಕಾಡಿನ ಮಣ್ಣನ್ನು ಮರಳಿಸುತ್ತೇನೆಂದು ಮಾತು ಕೊಟ್ಟು ತಪ್ಪಿದವರು ನೀವು. ಅದರಿಂದಾಗಿ ನನ್ನ ವಿದ್ಯಾರ್ಥಿನಿ ಜುಮ್ವಾಳಿಗೆ ಇವತ್ತು ಆ ಕಾಡಿನ ದಾರಿ ಮುಚ್ಚಿದೆ.

ದೊಡ್ಡ ಮರಗಳ ನೆರಳಲ್ಲಿ ಏನು ಹುಟ್ಟುತ್ತದೆ, ಏನು ಸಾಯುತ್ತದೆ ಎಂದು ಜುಮ್ವಾ ಎರಡು ವರ್ಷದಿಂದ ಎಣಿಸುತ್ತಿದ್ದಾಳೆ. ಇಪ್ಪತ್ತನಾಲ್ಕು ತುಂಡು ನೆಲ. ಒಂದೊಂದರಲ್ಲೂ ಮರ, ಪೊದೆ, ಬೆರಳುದ್ದದ ಸಸಿ. ಯಾವ ಸಸಿ ಯಾಕೆ ಉಳಿಯಿತು ಎಂದು ತಿಳಿಯಲು ಅದರ ಬುಡದ ಮಣ್ಣೂ ಬೇಕು. ಕಾಯಾದಿಂದ ಒಣಕಡ್ಡಿಯನ್ನೂ ಹೊರಗೆ ತರುವಂತಿಲ್ಲ. ಅದು ಗೊತ್ತಿದ್ದೇ ನೀವು ನಮ್ಮ ಪರವಾಗಿ ಕೇಳಲು ಬಂದಿರಿ. ಕಾಯಾದ ಕಟ್ಟಳೆಯಂತೆ ಕಪ್ಪು ಬಟ್ಟೆ ಸುತ್ತಿಕೊಂಡು, ಬರಿಗಾಲಲ್ಲಿ, ಹಿರಿಯರೆದುರು ನೆಲದ ಮೇಲೆ ಕೂತಿರಿ. ಹಿರಿಯ ಥೋಯಾ ಜುಮ್ವಾಳಿಗೆ ಹೇಳಿದ್ದು ಇಷ್ಟೇ: “ಮಣ್ಣು ನಮ್ದಲ್ಲ ಮಗಳೆ, ಒಳಗೆ ಮಲಗಿರೋರದು. ಎರವಲು ತಗೊಂಡೋಗು. ನೋಡಾದ್ಮೇಲೆ, ಎಲ್ಲಿ ಅಗೆದ್ಯೋ ಅಲ್ಲೇ ತಂದು ಹಾಕು.” ಪಕ್ಕದಲ್ಲಿದ್ದ ಮುದುಕ ಚೆಂಗೊ ನಿಮ್ಮ ಪಾದ ನೋಡಿ, “ಅಂಗಾಲಿಗೆ ಅಂಟಿದ್ದೂ ಲೆಕ್ಕಕ್ಕೆ ಬರುತ್ತೆ ಸಾಹೇಬ್ರೆ, ಒದರಿ ಹೋಗಿ,” ಎಂದರು. ಎಲ್ಲರೂ ನಕ್ಕರು. ನೀವೂ ನಕ್ಕು, ಮಣ್ಣನ್ನು ನಾನೇ ಹೊತ್ತು ತರುತ್ತೇನೆ ಎಂದಿರಿ.

ಪರೀಕ್ಷೆಗೆ ಬೇಕಿದ್ದದ್ದು ಚೀಲಕ್ಕೆ ಒಂದು ಹಿಡಿ. ಉಳಿದದ್ದು ತನ್ನ ಜಾಗಕ್ಕೇ ಮರಳಲೆಂದು ಜುಮ್ವಾ ಪ್ರತಿ ಚೀಲಕ್ಕೂ ಸಂಖ್ಯೆ ಹೊಲಿದಿದ್ದಳು. ಮರಳಿ ಬೇಕಾದರೆ ಬೇರೆ ಅರ್ಜಿ ಕೊಡಬೇಕು, ಅದಕ್ಕೆ ತಿಂಗಳು ಹಿಡಿಯುತ್ತದೆ ಎಂದರು ನಿಮ್ಮ ಗುಮಾಸ್ತರು. “ಸಾಹೇಬ್ರೇ ಮಾತು ಕೊಟ್ಟವ್ರೆ ಅಂತೀರ. ಮತ್ತೆ ಒಂದು ಟಿಕ್‌ಗೆ ಯಾಕ್ ಹೆದರ್ತೀರ ಮೇಡಂ?” ನಾನು ಹಾಕಿದೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು, ಓದದೆ ಸಹಿ ಮಾಡಬೇಡಿ ಎಂದು ಮಕ್ಕಳಿಗೆ ಹೇಳುವವಳು, ಓದಿಯೇ ಹಾಕಿದೆ. ಅವಸರವೋ, ನಂಬಿಕೆಯೋ? ನಂಬಿಕೆ ಎಂದುಕೊಳ್ಳುವುದು ನನಗಿಷ್ಟ, ಪೂರ್ತಿ ಖಚಿತವಿಲ್ಲ.

ಆಮೇಲೆ ನಿಮ್ಮ ಇಲಾಖೆಯ ಸಸಿ ಹಂಚುವ ದಿನ ಬಂತು. ನರ್ಸರಿಯಲ್ಲಿ ಮಣ್ಣು ಸಾಲಲಿಲ್ಲವಂತೆ. ಇಪ್ಪತ್ತನಾಲ್ಕು ಚೀಲವನ್ನೂ ಒಂದೇ ರಾಶಿಗೆ ಸುರಿಸಿ, ಸಸಿಗಳ ಬುಡಕ್ಕೆ ತುಂಬಿಸಿ, ಅತಿಥಿಗಳ ಕೈಗಿತ್ತಿರಿ. ಕಾಡು ಉಳಿಸಿ ಎಂದು ಭಾಷಣ ಮಾಡಿ, ಅದೇ ಕಾಡಿನ ಮಣ್ಣನ್ನು ಮನೆಮನೆಗೆ ಕಳಿಸಿಕೊಡುವ ಔದಾರ್ಯ ಬೇರೆ ಯಾವ ಇಲಾಖೆಗಿದೆ? ನಾನು ಕೇಳಲು ಬಂದಾಗ ನೀವು ಅರ್ಜಿ ತಿರುಗಿಸಿ ನನ್ನ ಗುರುತಿನ ಮೇಲೆ ಬೆರಳಿಟ್ಟಿರಿ. ಕಾಗದ ಸರಿಯಾಗಿಯೇ ಇದೆ, ಒಪ್ಪುತ್ತೇನೆ. ಆದರೆ ಅವತ್ತು ಬರಿಗಾಲಲ್ಲಿ ಕೂತು ಮಾತು ಕೊಟ್ಟದ್ದು ಕಾಗದವೇ?

ಹಿರಿಯರು ಬೈಯಲಿಲ್ಲ. ಬೈದಿದ್ದರೆ ಜುಮ್ವಾ ತಡೆದುಕೊಳ್ಳುತ್ತಿದ್ದಳೇನೋ. “ನಿನ್ ಮೇಲೆ ಸಿಟ್ಟಿಲ್ಲ ಮಗಳೆ,” ಎಂದರು ಥೋಯಾ. “ಮಣ್ಣು ಬರೋವರ್ಗೂ ನೀನೂ ಬರ್ಬೇಡ.” ಏಪ್ರಿಲ್ ಮಳೆಗೆ ಮೊಳೆಯುವ ಸಸಿಗಳನ್ನು ಎಣಿಸದಿದ್ದರೆ ಅವಳ ಎರಡು ವರ್ಷದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಅವಳು ಅದೇ ಊರಿನವಳು, ಮಾನ್ಯರೇ. ನೀವು ವರ್ಗವಾಗಿ ಹೋಗುತ್ತೀರಿ; ಅವಳು ಅಲ್ಲೇ ಬಾಳಬೇಕು.

ಹಂಚದೆ ಉಳಿದ ಹತ್ತೊಂಬತ್ತು ಸಸಿಗಳು ನಿಮ್ಮ ನರ್ಸರಿಯ ಬೇಲಿ ಪಕ್ಕದಲ್ಲಿವೆ, ನೋಡಿ ಬಂದಿದ್ದೇನೆ. ಮಳೆಗೆ ಮೊದಲು ಅವುಗಳ ಬುಡದ ಮಣ್ಣನ್ನು ತನ್ನಿ. ಮಿಕ್ಕದ್ದು ಎಲ್ಲಿ ಹೋಯಿತೆಂದು ಹಿರಿಯರೆದುರು ನಿಮ್ಮ ಬಾಯಿಂದಲೇ ಹೇಳಿ. ಕೈಕೆಳಗಿನವರನ್ನು ಕಳಿಸಬೇಡಿ. ಆಮೇಲೂ ಹಿರಿಯರು ಜುಮ್ವಾಳಿಗೆ ದಾರಿ ಬಿಡುತ್ತಾರೋ ಇಲ್ಲವೋ ನಾನು ಹೇಳಲಾರೆ. ನನ್ನ ಗುರುತಿನ ವಿಷಯ ಅವರಿಗಿನ್ನೂ ತಿಳಿದಿಲ್ಲ. ಈ ಪತ್ರದ ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ; ಅಲ್ಲಿ ಓದಿ ಯಾರೋ ಅವರಿಗೆ ಹೇಳುವ ಮೊದಲು, ಮಾರ್ಚ್ ಹದಿನೇಳರಂದು ನಾನೇ ಹೋಗಿ ಹೇಳುತ್ತೇನೆ. ಜುಮ್ವಾಳನ್ನು ಜೊತೆಗೆ ಕರೆದೊಯ್ಯುವುದಿಲ್ಲ.

ಇಂತಿ,
ನಿಮ್ಮ ಮಾತಿಗೆ ತನ್ನ ಸಹಿಗಿಂತ ಹೆಚ್ಚು ತೂಕ ಕೊಟ್ಟ ಅಧ್ಯಾಪಕಿ,
ನ್ಯೇವು ತ್ಸುಮಾ
ಕಿಲಿಫಿ

ಅಂಚೆಗೆ ಹಾಕುವ ದಿನ: ಮಾರ್ಚ್ ಹದಿನೆಂಟು