ನಲವತ್ತು ಕಳೆಯುವ ಸಾಲು

ಮಾರ್ಚ್ ೧೪, ಗುರುವಾರ

ವ್ಯಾನ್ ಓಡಿಸುವ ನಮ್ಮ ದಪ್ಪಣ್ಣ ಇನ್ನೂ ಫೋನ್ ಎತ್ತುತ್ತಿಲ್ಲ.

ಸಂಜೆ ಶೆಡ್ಡಿನಲ್ಲಿ, ಬೇರೊಂದು ವ್ಯಾನಿಗೆ ಮೀಟರಿನ ಬದಲು ನಾನು ಕೂರಿಸಿದ ಡಿಜಿಟಲ್ ಪರದೆ ನೋಡಿ ಬಾಮೈದ ನಕ್ಕ. "ಭಾವ, ಎಂಜಿನ್ನು ಮೈನಸ್ ಹತ್ತು ಡಿಗ್ರಿ ಅಂತೆ! ಇದು ವ್ಯಾನೋ, ಫ್ರಿಜ್ಜೋ?" ಇಬ್ಬರೂ ಬೆವರು ಒರೆಸಿಕೊಳ್ಳುತ್ತಿದ್ದೆವು. ನನಗೆ ನಗು ಬರಲಿಲ್ಲ. ಮೀಟರು ಕೆಟ್ಟಿದ್ದ ದಪ್ಪಣ್ಣನ ವ್ಯಾನಿಗೂ ನಿನ್ನೆ ಹಾಕಿಕೊಟ್ಟದ್ದು ಅದೇ ಪರದೆ, ಅದೇ ಫೈಲು.

ಗಾಡಿಯೊಳಗಿನ ತಂತಿಗಳಲ್ಲಿ ಓಡಾಡುವುದು ಬರೀ ಅಂಕಿಗಳು. ಯಾವುದು ವೇಗ, ಯಾವುದು ಬಿಸಿ, ಎಷ್ಟರಿಂದ ಗುಣಿಸಬೇಕು, ಎಷ್ಟು ಕಳೆಯಬೇಕು ಎಂದು ಹೇಳುವುದು ಫೈಲು. ನಾನು ಹಾಕಿದ್ದು ಹಳೆಯ ಮಾದರಿಯ ವ್ಯಾನಿನ ಫೈಲು. ಅದು ಬಿಸಿಯ ಅಂಕಿಯಿಂದ ನಲವತ್ತು ಕಳೆಯುತ್ತದೆ. ಈ ಎರಡೂ ವ್ಯಾನು ಹೊಸ ಮಾದರಿಯವು, ಅವುಗಳಲ್ಲಿ ಏನೂ ಕಳೆಯುವಂತಿಲ್ಲ. ತಪ್ಪು ಫೈಲು ಹಾಕಿದರೆ ಪರದೆ ಕೂಗಿಕೊಳ್ಳುವುದಿಲ್ಲ, ನಂಬುವಂಥ ಸುಳ್ಳು ಹೇಳುತ್ತದೆ. ಆ ವಿದ್ಯೆಯಲ್ಲಿ ಅದು ನನ್ನದೇ ಶಿಷ್ಯ. ನಿನ್ನೆ ಕಾದ ಎಂಜಿನ್ನಿಗೆ ಐವತ್ತು ತೋರಿಸಿದಾಗ, "ನೋಡು, ಎಷ್ಟು ತಣ್ಣಗಿದೆ! ಬಾನೆಟ್ ಮೇಲೆ ಹಾಸಿಗೆ ಹಾಸ್ಕೊಂಡು ಮಲಗು" ಎಂದು ಅವನ ಬೆನ್ನು ತಟ್ಟಿದ್ದೆ.

ಈಗ ಅವನು ವ್ಯಾನಿನ ತುಂಬ ಜನರನ್ನು ಕೂರಿಸಿಕೊಂಡು ಬೆಟ್ಟದ ರಸ್ತೆ ಹತ್ತುತ್ತಿದ್ದಾನೆ. ಎಂಜಿನ್ ನೂರಿಪ್ಪತ್ತಕ್ಕೆ ಕುದಿದರೂ ಅವನಿಗೆ ಕಾಣುವುದು ಎಂಬತ್ತು. ಅವನನ್ನು ತಡೆಯಲು ಬಾಮೈದ ಬೈಕಿನಲ್ಲಿ ಹಿಂದೆಯೇ ಹೋಗಿದ್ದಾನೆ.

ಕೊನೆಗೆ ದಪ್ಪಣ್ಣನ ಹೆಂಡತಿಗೆ ಫೋನ್ ಮಾಡಿದೆ. "ಯಾಕಣ್ಣಾ ಗಾಬರಿ?" ಎಂದಳು. "ಮುಂಚೆ ಏರಲ್ಲಿ ಎರಡು ಕಡೆ ನಿಲ್ಲಿಸಿ ಗಾಡಿ ತಣ್ಣಗೆ ಮಾಡ್ಕೊಳ್ತಿದ್ರು. ಈಗ ನಿಮ್ಮ ಪರದೆ ಇದೆಯಲ್ಲ, ನಿಲ್ಲಿಸೋದೇ ಬೇಡ ಅಂತ ಹೋದ್ರು."

ಮತ್ತೆ ಅವನ ನಂಬರಿಗೆ ಹಚ್ಚಿದೆ. ಈ ಸಲ ರಿಂಗ್ ಕೂಡ ಆಗಲಿಲ್ಲ.